ಬಿಡಿಸಿ ಜೋಡಿಸುವ ಸಣ್ಣ ಕೋವಿ



ಕೋಲಾರದ ಚಿನ್ನದ ಗಣಿಯೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುದು ಭೂಗರ್ಭದ ಸುರಂಗಗಳು, ಗಣಿಬಾವಿಗಳ ಮೇಲಣ ಉಕ್ಕಿನ ಗೋಪುರಗಳು, ಬೂದುಬಣ್ಣದ ಸಯನೈಡ್ ದಿಬ್ಬಗಳು. ಆ ಊರಿಗೆ ಕೋವಿಯ ಚರಿತ್ರೆಯೂ ಒಂದುಂಟೆಂಬುದು ಬಹುಜನಕ್ಕೆ ತಿಳಿಯದು. ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿ ಅಲ್ಲಿಗೆ ಬಂದು ನೆಲೆಸಿದ ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ನೌಕರರಲ್ಲಿ ಅನೇಕರು ಬಿಡುವಿನ ವೇಳೆಯ ಸೈನಿಕರೂ ಆಗಿದ್ದರು. 1920ರ ಕಾಯಿದೆಯಿಂದ ಏರ್ಪಟ್ಟ ಸಹಾಯಕ ಸೈನ್ಯದಲ್ಲಿ ಕೋಲಾರ್ ಗೋಲ್ಡ್ ಫೀಲ್ಡ್ ಬೆಟಾಲಿಯನ್ ಎಂಬ ಪಡೆಯೊಂದಿದ್ದಿತು. 1947ರಲ್ಲಿ ದೇಶವು ಸ್ವತಂತ್ರವಾದ ಮೇಲೆ ಆ ಸೈನ್ಯವು ವಿಸರ್ಜಿತವಾಯಿತು. 2001ರ ಫೆಬ್ರವರಿ 28ರಂದು ಗಣಿಗಳೂ ಮುಚ್ಚಿದುವು. ಆದರೆ ಗುರಿಯಿಟ್ಟು ಹೊಡೆಯುವ ವಿನೋದಕ್ಕೆ ಸೈನ್ಯವೇ ಇರಬೇಕೆಂದಿಲ್ಲ. ಈ ದಿನ ಆ ವಿನೋದಕ್ಕೆ ಒದಗುವ ಒಂದು ಉಪಕರಣದ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಅದೇ ಎರಡು ತುಂಡಾಗಿ ಬಿಡಿಸಿ, ಮತ್ತೆ ಜೋಡಿಸಬಹುದಾದ .22 ಕ್ಯಾಲಿಬರಿನ ರೈಫಲ್.

ಇದರ ತೋಟಾ ಅತ್ಯಂತ ಚಿಕ್ಕದು. ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾ ಅಮೆರಿಕದಲ್ಲಿ 1887ರಲ್ಲಿ ಹುಟ್ಟಿತು. ಇದರ ಸೀಸದ ಗುಂಡು ಸಾಮಾನ್ಯವಾಗಿ 40 ಗ್ರೇನು, ಎಂದರೆ ಸುಮಾರು ಎರಡೂವರೆ ಗ್ರಾಮು ತೂಗುತ್ತದೆ. ಸದ್ದು ಕಡಮೆ, ಒದೆತ ಇಲ್ಲವೆಂದೇ ಹೇಳಬಹುದು, ವೆಚ್ಚವೂ ದೊಡ್ಡ ರೈಫಲುಗಳದಕ್ಕಿಂತ ಬಹಳ ಅಲ್ಪ. ಬೋಯರ್ ಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ ಊರೂರಿಗೂ ಸಣ್ಣ ರೈಫಲಿನ ಕ್ಲಬ್ಬುಗಳು ಹುಟ್ಟಿದುದು ಈ ಗುಣಗಳಿಂದಲೇ. ಬಿಡಿಸುವ ಮಾದರಿಗಳಲ್ಲಿ ಹೆಸರಾದದ್ದು ಜಾನ್ ಬ್ರೌನಿಂಗ್ ಎಂಬ ಶಿಲ್ಪಿಯು ಕಲ್ಪಿಸಿ, ಬೆಲ್ಜಿಯಂ ದೇಶದ ಹೆರ್ಸ್ಟಾಲಿನಲ್ಲಿ 1914ರಿಂದ ತಯಾರಾದ ರೈಫಲ್. ಅದರ ತೂಕ ಸುಮಾರು 5 ಪೌಂಡು. ಬಿಡಿಸಿದರೆ ಒಂದೊಂದು ತುಂಡೂ ಒಂದು ಮೊಳವನ್ನು ಸ್ವಲ್ಪವೇ ಮೀರುತ್ತದೆ. ಒಂದು ಶತಮಾನವು ಕಳೆದರೂ ಈ ಕಲ್ಪನೆ ಹಳತಾಗಿಲ್ಲ. 2012ರಲ್ಲಿ ಅಮೆರಿಕದ ರೂಗರ್ ಕಂಪೆನಿಯವರು ತಮ್ಮ ಪ್ರಸಿದ್ಧವಾದ.22 ರೈಫಲಿಗೂ ಇಂಥ ರೂಪವನ್ನು ಕೊಟ್ಟರು.

ಬಿಡಿಸುವುದರಿಂದ ಪ್ರಯೋಜನವೇನು? ಮೊದಲನೆಯದು ಸಾಗಾಣಿಕೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು 70 ಕಿಲೋಮೀಟರು. ಅಲ್ಲಿನ ಕ್ಲಬ್ಬಿಗೆ ಅಭ್ಯಾಸಕ್ಕೆಂದು ಹೊರಟವರು ಉದ್ದನೆಯ ಕೋವಿಯನ್ನು ಜನಸಂದಣಿಯಲ್ಲಿ ಹೊತ್ತು ತಿರುಗುವುದಕ್ಕಿಂತ, ಅದನ್ನು ಬಿಡಿಸಿ, ಬರಿದು ಮಾಡಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಲೈಸೆನ್ಸನ್ನು ಜೊತೆಯಲ್ಲಿರಿಸಿಕೊಂಡು ಹೋಗುವುದು ಎಲ್ಲರಿಗೂ ಹಿತ. ಎರಡನೆಯದು ಶುಚಿ. ಅನೇಕ ರೈಫಲುಗಳ ನಳಿಗೆಯನ್ನು ಬಾಯಿಯ ಕಡೆಯಿಂದಲೇ ಸಲಾಕೆ ತೂರಿಸಿ ಒರಸಬೇಕು. ಸಲಾಕೆಯ ಉಜ್ಜಿನಿಂದ ಬಾಯಂಚು ಸವೆಯುವುದು. ಗುಂಡಿಗೆ ಕೊನೆಯ ಅಪ್ಪಣೆ ಕೊಡುವುದು ಆ ಅಂಚೇ ಆದುದರಿಂದ ಗುರಿ ಕೆಡುವುದು. ಬಿಡಿಸುವ ರೈಫಲಿನ ನಳಿಗೆ ಕೈಗೆ ಪ್ರತ್ಯೇಕವಾಗಿ ಬರುತ್ತದೆ. ಹಿಂಬದಿಯಿಂದ ಸಲಾಕೆ ಹಾಕಿ, ಬೆಳಕಿಗೆ ಹಿಡಿದು ನೋಡಬಹುದು.

ಆದರೆ ಯಾವುದು ಇದರ ಅನುಕೂಲವೋ ಅದೇ ಇದರ ದೌರ್ಬಲ್ಯ. ಎರಡು ತುಂಡುಗಳು ಸೇರುವ ಕೀಲು ನೂರಾರು ಸಾರಿ ಬಿಚ್ಚಿ ಕಟ್ಟುವುದರಿಂದ ಸಡಿಲವಾಗುವುದು. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಳಿಗೆಯ ಉದ್ದ ಅರ್ಧ ಮೀಟರು ಎಂದಿಟ್ಟುಕೊಳ್ಳಿ. ಅದರ ಬಾಯಿಯು ಸರಿಯಾದ ರೇಖೆಯಿಂದ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಎಂದರೆ ಒಂದು ಹಾಳೆ ಕಾಗದದ ದಪ್ಪದಷ್ಟು, ಓರೆಯಾದರೆ 50 ಮೀಟರು ದೂರದಲ್ಲಿ ಗುಂಡು 10 ಮಿಲಿಮೀಟರು ಪಕ್ಕಕ್ಕೆ ಸರಿಯುವುದು. ಒಲಿಂಪಿಕ್ ಪಂದ್ಯದ 50 ಮೀಟರಿನ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲವೇ 10.4 ಮಿಲಿಮೀಟರು!

ಈ ಲೆಕ್ಕವು ತಿಳಿದರೆ ಇಂಥ ರೈಫಲನ್ನು ಉತ್ತಮಪಡಿಸುವ ಬಗೆಯೂ ತಿಳಿದಂತೆಯೇ. ಕೊಂಡವರು ಮೊದಲು ಆಶಿಸುವುದು ದೂರದರ್ಶಕವನ್ನು. ಅದನ್ನು ಎಲ್ಲಿ ಕೂರಿಸಬೇಕು? ಹಿಂದಣ ತುಂಡಿನ ಮೇಲೆ ಕೂರಿಸಿದರೆ ನೋಡುವ ಕಣ್ಣು ಒಂದು ತುಂಡಿನಲ್ಲಿ, ಹೊಡೆಯುವ ನಳಿಗೆ ಮತ್ತೊಂದು ತುಂಡಿನಲ್ಲಿ ಆಗಿ, ಕೀಲಿನ ಸಡಿಲವೆಲ್ಲ ಗುರಿಗೆ ತಾಗುವುದು. ನಳಿಗೆಯ ಮೇಲೆಯೇ ಕೂರಿಸಿದರೆ ಕಣ್ಣು ನಳಿಗೆಗಳೆರಡೂ ಒಟ್ಟಿಗೆ ಚಲಿಸುವುವು. ಬಿಚ್ಚಿ ಕಟ್ಟಿದರೂ ಗುರಿ ಹೆಚ್ಚು ಬದಲಾಗದು. ಬ್ರೌನಿಂಗಿನ ಮೂಲ ರಚನೆಯಲ್ಲಿ ಮುಂದಣ ಹಿಂದಣ ಸೈಟುಗಳೆರಡೂ ನಳಿಗೆಯ ಮೇಲೆಯೇ ಇರುವುವು. ಸಡಿಲವಾದ ಕೀಲನ್ನು ಬಿಗಿಪಡಿಸಲು ನಳಿಗೆಯ ಬುಡದಲ್ಲಿ ತಿರುಗಿಸುವ ಬಳೆಯೊಂದನ್ನೂ ಅವರು ಇಟ್ಟರು. ಆದುದರಿಂದ ಮೊದಲು ಕೀಲು, ಆಮೇಲೆ ಸೈಟು. ಮೂರನೆಯದು ಟ್ರಿಗರಿನ ಎಳೆತ. ಇದು ಲೈಸೆನ್ಸುಳ್ಳ ಬಂದೂಕಿನ ಕಸಬುದಾರನ ಕೆಲಸ. ಮನೆಯ ಅರದಿಂದ ಉಜ್ಜತಕ್ಕದ್ದಲ್ಲ. ಅತಿ ಹಗುರವಾಗಿ ಉಜ್ಜಿದ ಟ್ರಿಗರು ಕೋವಿಯನ್ನು ನೆಲಕ್ಕೆ ಕುಟ್ಟಿದರೆ ತಾನಾಗಿ ಸಿಡಿಯಬಲ್ಲದು.

ಇವೆಲ್ಲಕ್ಕೂ ಮೊದಲು, ಹೆಚ್ಚು ಖರ್ಚಿಲ್ಲದ ಉಪಾಯವೊಂದುಂಟು. ನಾಲ್ಕಾರು ಕಾರ್ಖಾನೆಗಳ ತೋಟಾಗಳನ್ನು ತಂದು, ಒಂದೊಂದರಿಂದಲೂ ಹತ್ತು ಹತ್ತು ಗುಂಡುಗಳನ್ನು ಒಂದೇ ಆಧಾರದಿಂದ ಹೊಡೆದು, ತೂತುಗಳು ಎಷ್ಟು ಒತ್ತಾಗಿ ಬಿದ್ದಿವೆಯೆಂದು ಅಳೆಯಿರಿ. ಪ್ರತಿಯೊಂದು ನಳಿಗೆಗೂ ತನ್ನದೇ ಆದ ರುಚಿಯುಂಟು. ಒಂದು ತೋಟಾ ಚೆದರುವಲ್ಲಿ ಮತ್ತೊಂದು ಒಟ್ಟುಗೂಡುವುದು. ಉಪಕರಣಕ್ಕೆ ಸುರಿಯುವ ಹಣದ ಅರ್ಧವನ್ನು ಅಭ್ಯಾಸಕ್ಕೆ ಸುರಿದರೆ ಫಲ ಇಮ್ಮಡಿಯಾಗುವುದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಇನ್ನು ಕಾಯಿದೆಯ ಮಾತು. 1959ರ ಆಯುಧ ಕಾಯಿದೆಯು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆಂದು ಕೇಳುವ .22 ರೈಫಲನ್ನು ಹೆಸರಿಟ್ಟೇ ಹೇಳಿ, ಅದಕ್ಕೆ ಲೈಸೆನ್ಸು ದೊರೆಯುವ ಮಾರ್ಗವನ್ನು ಸುಗಮ ಮಾಡಿದೆ. ಆದುದರಿಂದ ಮೊದಲು ಕ್ಲಬ್ಬು, ಅನಂತರ ಲೈಸೆನ್ಸು, ಕೊನೆಗೆ ಕೋವಿ; ಇದೇ ಕ್ರಮ. ನಳಿಗೆಯನ್ನು ಲೈಸೆನ್ಸಿಲ್ಲದೆ ಕತ್ತರಿಸಿ ಗಿಡ್ಡ ಮಾಡುವುದು ಅದೇ ಕಾಯಿದೆಯಂತೆ ಅಪರಾಧ. ಸುಧಾರಣೆಯ ಹೆಸರಿನಲ್ಲಿ ಅದಕ್ಕೆ ಕೈಹಾಕಬಾರದು. 2019ರ ತಿದ್ದುಪಡಿಯಿಂದ ಸಾಮಾನ್ಯ ಲೈಸೆನ್ಸುದಾರನು ಎರಡಕ್ಕಿಂತ ಹೆಚ್ಚು ಆಯುಧಗಳನ್ನು ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಆಸೆಯನ್ನಂತೂ ಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾದಾಗಿನಿಂದ ಶಿಕಾರಿಯ ಕಾಲ ಮುಗಿಯಿತು. ನಮ್ಮ ಮುಂದೆ ಉಳಿದಿರುವುದು ಕಾಗದದ ಗುರಿ. ಅದೇನು ಕಡಮೆಯ ಗೌರವವಲ್ಲ: 2024ರಲ್ಲಿ ಪ್ಯಾರಿಸಿನಲ್ಲಿ ಸ್ವಪ್ನಿಲ್ ಕುಸಾಳೆಯವರು ಇದೇ .22 ತೋಟಾದಿಂದ, ಇದೇ 50 ಮೀಟರಿನಲ್ಲಿ, ದೇಶಕ್ಕೆ ಕಂಚಿನ ಪದಕವನ್ನು ತಂದರು.

ಕಟ್ಟಕಡೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಈ ಕೋವಿಯ ಚಿಕ್ಕ ಗಾತ್ರವೇ ಇದರ ದೊಡ್ಡ ಅಪಾಯ. ನೋಡಿದವರು ಆಟಿಕೆಯೆಂದು ಭಾವಿಸುವರು. ಆದರೆ ಆಕಾಶದ ಕಡೆಗೆ ಓರೆಯಾಗಿ ಹಾರಿದ ಈ ಸಣ್ಣ ಗುಂಡು ಒಂದೂವರೆ ಮೈಲಿಯವರೆಗೆ ಹೋಗಬಲ್ಲದು. ಅಷ್ಟು ದೂರದೊಳಗೆ ಗಣಿಯ ಊರಿನಲ್ಲಿ ಎಷ್ಟು ವಠಾರಗಳು, ಎಷ್ಟು ಶಾಲೆಗಳು, ಎಷ್ಟು ಮೇಯುವ ದನಗಳು! ಸಯನೈಡ್ ದಿಬ್ಬಗಳನ್ನು ಕಂಡು, ಗುಂಡನ್ನು ತಡೆಯಲು ಇದಕ್ಕಿಂತ ಒಳ್ಳೆಯ ಗೋಡೆಯುಂಟೇ ಎಂದು ತರುಣರಿಗೆ ತೋರಬಹುದು. ದಿಬ್ಬದ ಆಚೆಗೆ ಯಾರು ನಡೆಯುತ್ತಿರುವರೆಂಬುದನ್ನು ದಿಬ್ಬವು ಹೇಳದು; ನೆತ್ತಿಯ ಮೇಲೆ ತಪ್ಪಿಹೋದ ಗುಂಡನ್ನು ಅದು ತಡೆಯದು. ಅಧಿಕೃತವಾದ ಗುರಿ ಮೈದಾನದ ಹೊರಗೆ ಒಂದು ಗುಂಡನ್ನೂ ಹಾರಿಸತಕ್ಕದ್ದಲ್ಲ.

ಮನೆಯಲ್ಲಿಯೂ ಬಿಡಿಸುವ ಗುಣವನ್ನೇ ಕಾವಲಾಗಿ ಮಾಡಿಕೊಳ್ಳಬಹುದು. ನಳಿಗೆ ಒಂದು ಬೀಗದಲ್ಲಿ, ಹಿಡಿಯ ತುಂಡು ಇನ್ನೊಂದು ಬೀಗದಲ್ಲಿ, ತೋಟಾಗಳು ಮೂರನೆಯ ಬೀಗದಲ್ಲಿ ಇರಲಿ; ಬೀಗದ ಕೈಗಳು ಲೈಸೆನ್ಸುದಾರನ ವಶದಲ್ಲಿಯೇ ಇರಲಿ. ಕುತೂಹಲದ ಮಗುವಿನ ಕೈಗೆ ಒಂದು ತುಂಡು ಸಿಕ್ಕಿದರೂ ಅದು ಬರಿಯ ಕಬ್ಬಿಣವಾಗಿರುವುದು. ಜೋಡಿಸುವ ಮೊದಲೂ ಬಿಡಿಸುವ ಮೊದಲೂ ಗುಂಡಿನ ಮನೆಯನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ಬರಿದಾಗಿದೆಯೆಂದು ನಿಶ್ಚಯಿಸಿಕೊಳ್ಳುವ ಅಭ್ಯಾಸವು ಊಟಕ್ಕೆ ಮುಂಚೆ ಕೈತೊಳೆಯುವಷ್ಟು ಸಹಜವಾಗಬೇಕು.

ಒಳ್ಳೆಯ ಕೋವಿಯೆಂದರೆ ಹೆಚ್ಚು ಬೆಲೆಯ ಕೋವಿಯಲ್ಲ. ಕೀಲು ಬಿಗಿಯಾಗಿ, ನಳಿಗೆ ಶುಚಿಯಾಗಿ, ಒಡೆಯನ ಮನಸ್ಸು ಸ್ವಾಧೀನದಲ್ಲಿರುವ ಕೋವಿ. ಮೊದಲಿನೆರಡನ್ನು ಕಸಬುದಾರನಿಂದ ಪಡೆಯಬಹುದು. ಮೂರನೆಯದನ್ನು ನಾವೇ ಸಂಪಾದಿಸಬೇಕು.