ನೀರಿನಲ್ಲಿ ಬಾಗಿದ ಕೋಲು



ನೆಟ್ಟಗಿರುವ ಕೋಲನ್ನು ಕಲ್ಯಾಣಿಯ ನೀರಿನಲ್ಲಿ ಓರೆಯಾಗಿ ಅದ್ದಿದರೆ ಮುರಿದಂತೆ ಕಾಣುತ್ತದೆ. ತಪ್ಪು ಕೋಲಿನದೂ ಅಲ್ಲ, ಕಣ್ಣಿನದೂ ಅಲ್ಲ. ನೀರಿನಿಂದ ಗಾಳಿಗೆ ಬರುವಾಗ ಬೆಳಕಿನ ದಾರಿ ಬಾಗುತ್ತದೆ. ಅದರಿಂದಲೇ ನಾಲ್ಕು ಅಡಿ ಆಳದ ನೀರು ಮೇಲೆ ನಿಂತು ನೋಡುವವನಿಗೆ ಮೂರೇ ಅಡಿಯೆಂದು ತೋರುತ್ತದೆ. ಕಂಡದ್ದನ್ನೇ ನಂಬಿ ಈಜು ಬಾರದ ಮಗು ಇಳಿದರೆ ಪ್ರಾಣಕ್ಕೇ ಕುತ್ತು.

ಶಾಸ್ತ್ರವು ಭ್ರಮೆಯಲ್ಲಿ ಎರಡು ಬಗೆ ಹೇಳುತ್ತದೆ. ಹಗ್ಗವನ್ನು ಹಾವೆಂದು ಬಗೆದವನ ಮುಂದೆ ದೀಪ ಹಿಡಿದರೆ ಹಾವು ಇಲ್ಲವಾಗುತ್ತದೆ. ಇದು ನಿರುಪಾಧಿಕ ಭ್ರಮೆ. ಆದರೆ ಕೋಲು ನೆಟ್ಟಗಿದೆಯೆಂದು ಅರಿತ ಮೇಲೂ, ನೀರಿರುವ ತನಕ ಅದು ಬಾಗಿಯೇ ಕಾಣುವುದು. ಇದು ಸೋಪಾಧಿಕ ಭ್ರಮೆ. ಇಲ್ಲಿ ನೀರೇ ಉಪಾಧಿ. ಅರಿವು ಬಂದರೂ ತೋರಿಕೆ ಹೋಗದು, ಮೋಸಹೋಗುವುದು ಮಾತ್ರ ನಿಲ್ಲುತ್ತದೆ.

ಮನೆಯಲ್ಲಿಯೇ ಪರೀಕ್ಷಿಸಿರಿ. ಬಟ್ಟಲಿನ ತಳದಲ್ಲಿ ನಾಣ್ಯವಿಟ್ಟು, ಅದು ಅಂಚಿಗೆ ಮರೆಯಾಗುವಷ್ಟು ಹಿಂದೆ ಸರಿದು ನಿಲ್ಲಿರಿ. ಮತ್ತೊಬ್ಬರು ಮೆಲ್ಲಗೆ ನೀರು ಹೊಯ್ದರೆ ಮರೆಯಾದ ನಾಣ್ಯ ಎದ್ದು ಕಾಣುತ್ತದೆ.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಟಾಲೆಮಿ ಎಂಬ ಪಂಡಿತನು ಈ ಬಾಗುವಿಕೆಯನ್ನು ಅಳೆದನು. ಡಿಗ್ರಿಗಳ ಗೆರೆ ಕೊರೆದ ಕಂಚಿನ ಬಿಲ್ಲೆಯನ್ನು ಅರ್ಧ ನೀರಿನಲ್ಲಿ ನಿಲ್ಲಿಸಿದನು. ಗಾಳಿಯಲ್ಲಿ 10 ಡಿಗ್ರಿ ಓರೆಯಾದರೆ ನೀರಿನಲ್ಲಿ 8, 20ಕ್ಕೆ ಹದಿನೈದೂವರೆ, ಹೀಗೆ 80ಕ್ಕೆ 50 ಎಂದು ಪಟ್ಟಿ ಬರೆದನು. ಆ ಪಟ್ಟಿಯಲ್ಲಿ ಏರಿಕೆಯು ಏಳೂವರೆ, ಏಳು, ಆರೂವರೆ ಎಂದು ಪ್ರತಿ ಸಲವೂ ಸರಿಯಾಗಿ ಅರ್ಧ ಡಿಗ್ರಿಯೇ ಇಳಿಯುತ್ತದೆ. ಕೈಯಿಂದ ಮಾಡಿದ ಅಳತೆ ಇಷ್ಟು ಅಚ್ಚುಕಟ್ಟಾಗಿ ಬರುವುದುಂಟೇ? ಕಂಡದ್ದನ್ನು ತಾನು ನಂಬಿದ ಲೆಕ್ಕಕ್ಕೆ ಹೊಂದಿಸಿದನೆಂದು ವಿದ್ವಾಂಸರು ಎಣಿಸುತ್ತಾರೆ. 80ಕ್ಕೆ ಬರಬೇಕಾದದ್ದು ಸುಮಾರು ನಲವತ್ತೇಳೂವರೆ. ಸರಿಯಾದ ನಿಯಮವು 984ರ ಸುಮಾರಿಗೆ ಇಬ್ನ್ ಸಹ್ಲ್ ಎಂಬಾತನಿಗೂ, 1621ರಲ್ಲಿ ಹಾಲೆಂಡಿನ ಸ್ನೆಲ್‌ನಿಗೂ ದೊರಕಿತು.

ನೀರು ಬೆಳಕನ್ನು ಬಾಗಿಸಿತು. ಮನಸ್ಸಿನ ಒಲವು ಅಳತೆಯನ್ನೇ ಬಾಗಿಸಿತು. ಒಲವೂ ಒಂದು ಉಪಾಧಿಯೇ.

ಹೊಲದ ಬದುವಿನ ವ್ಯಾಜ್ಯ ಹೊತ್ತು ಅಣ್ಣತಮ್ಮಂದಿರು ಮಠಕ್ಕೆ ಬರುತ್ತಾರೆ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಆದರೆ ಇಬ್ಬರೂ ಮಮಕಾರದ ನೀರಿನೊಳಗಿಂದ ನೋಡಿರುತ್ತಾರೆ. ನಾವು ಅವರಿಗೆ ಹೇಳುವುದಿಷ್ಟೆ: ಸರಪಳಿ ಹಿಡಿದು ಅಳೆಯಿರಿ, ಬಂದ ಅಳತೆಯಿಂದ ನಿಮ್ಮ ಪಾಲು ಒಂದು ಗೇಣು ಕಡಿಮೆಯಾದರೂ ಒಪ್ಪಿಕೊಳ್ಳಿರಿ. ಅಳೆದ ಮೇಲೂ ತಮ್ಮನ ಬದು ಒಳಗೆ ಸರಿದಂತೆಯೇ ಅಣ್ಣನಿಗೆ ಕಂಡೀತು. ಕಾಣಲಿ. ಕೋಲು ನೆಟ್ಟಗಿದೆಯೆಂದು ಬಲ್ಲವನು ಅದನ್ನು ಮುರಿದು ಸರಿಪಡಿಸಲು ಹೋಗುವುದಿಲ್ಲ.

ಅಂಥ ಅರಿವನ್ನು ಪರಶಿವನು ನಿಮ್ಮೆಲ್ಲರಿಗೂ ಕರುಣಿಸಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.