ಸೂಜಿಗೊಂದು ವೇಳೆ

ನಿವೃತ್ತಿಯೆಂದರೆ ಬಿಡುವು ಎಂಬುದು ಇನ್ನೂ ನಿವೃತ್ತರಾಗದವರ ನಂಬಿಕೆ. 4 ವರ್ಷಗಳ ಹಿಂದೆ ಕಾಲೇಜಿನ ಅಧ್ಯಾಪನದಿಂದ ಬಿಡುಗಡೆ ಹೊಂದಿ ಜಯನಗರದ ಮನೆಯಲ್ಲಿ ಕುಳಿತಾಗ ನಾನೂ ಹಾಗೆಯೇ ನಂಬಿದ್ದೆ. ಧಾರವಾಡದಿಂದ ತಂದ ಪೆಟ್ಟಿಗೆಯ ತಳದಲ್ಲಿ ಅವ್ವನ ಚಂದ್ರಕಾಳಿ ಸೀರೆಯೊಂದಿತ್ತು. ಕಪ್ಪು ಒಡಲು, ಕೆಂಪು ಅಂಚು. ಸೆರಗಿನ ಬಳಿ ಅವಳು ಕಸೂತಿಯಲ್ಲಿ ಎತ್ತಿದ ಗೋಪುರ ಅರ್ಧಕ್ಕೇ ನಿಂತಿತ್ತು. ನನ್ನ ಮದುವೆಗೆಂದು ತೊಡಗಿದ್ದು. ಕಣ್ಣು ಮಂಜಾದುದರಿಂದ ಅವಳು ಕೈಬಿಟ್ಟಳು. ಅದನ್ನು ಪೂರೈಸುವ ಕೆಲಸವನ್ನು ನಿವೃತ್ತಿಯ ಲೆಕ್ಕಕ್ಕೆ ಬರೆದು ನಾನು 30 ವರ್ಷಗಳನ್ನು ಕಳೆದಿದ್ದೆ.

ಮೊದಲ ವರ್ಷ ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ‘ಹೇಗೂ ಬಿಡುವಾಗಿದ್ದೀರಿ’ ಎಂದು ಮುನ್ನುಡಿ ಕೇಳುವವರು, ಬ್ಯಾಂಕಿಗೆ ಕಳುಹಿಸುವವರು, ಮೊಮ್ಮಗುವನ್ನು ಶಾಲೆಯಿಂದ ಕರೆತರಲು ಹೇಳುವವರು. ಗಂಟೆ ಬಾರಿಸುವ ಜವಾನನಿಲ್ಲದ ದಿನಕ್ಕೆ ಗೋಡೆಗಳೇ ಇರುವುದಿಲ್ಲ. ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದೆಯೆಂದು ವೈದ್ಯರು ಹೇಳಿದ ಸಂಜೆ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ವೇಳಾಪಟ್ಟಿ ಅಂಟಿಸಿದೆ: ಬೆಳಿಗ್ಗೆ 10ರಿಂದ 11.30, ಕಸೂತಿ. ಎರಡು ಮುನ್ನುಡಿಗಳನ್ನು ಒಲ್ಲೆನೆಂದೆ. ಅವರಲ್ಲೊಬ್ಬರು ಇಂದಿಗೂ ನನ್ನನ್ನು ಮಾತನಾಡಿಸುವುದಿಲ್ಲ.

ಕಸೂತಿಗೆ ಹಗಲ ಬೆಳಕೇ ಆಗಬೇಕು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿ ಅದರಲ್ಲಿಲ್ಲ. ಹಾಸುಹೊಕ್ಕಿನ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಕಪ್ಪು ಸೀರೆಯಲ್ಲಿ ಎಳೆ ಕಾಣುವಂತೆ ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಳ್ಳುತ್ತೇನೆ. ಗವಂತಿ, ಮುರಿಗಿ, ನೇಗಿ, ಮೆಂತೆ ಎಂದು ಹೊಲಿಗೆ ನಾಲ್ಕು ಬಗೆ. ಗವಂತಿಯಲ್ಲಿ ದಾರ ಒಮ್ಮೆ ಎಡೆ ಬಿಟ್ಟು ಮುಂದೆ ಸಾಗುತ್ತದೆ, ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟ ಎಡೆಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ. “ಹಿಂದ ಮುಂದ ಒಂದ ಕಾಣಬೇಕವಾ” ಎನ್ನುತ್ತಿದ್ದಳು ಅವ್ವ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅವಳಿದ್ದಿದ್ದರೆ, ಮಾನ್ಯತೆ ಇರಲಿ, ಮೊದಲು ಹಿಂಬದಿ ತೋರಿಸು ಎನ್ನುತ್ತಿದ್ದಳು.

ಸೀರೆಯನ್ನು ಕಿಟಕಿಯ ಬಳಿ ಬಿಡಿಸಿದಾಗ ತಿಳಿಯಿತು: ಗೋಪುರದ ಎಡಭಾಗ ಪೂರ್ಣವಾಗಿತ್ತು, ಬಲಭಾಗದಲ್ಲಿ ಅವ್ವ ಹೋಗುವ ದಾರಿಯನ್ನಷ್ಟೇ ಹೊಲಿದಿದ್ದಳು. ಹಿಂದಿರುಗುವ ದಾರಿ ನನ್ನ ಪಾಲಿಗೆ ಉಳಿದಿತ್ತು. ದಿನಕ್ಕೆ ಒಂದಂಗುಲವೂ ಸಾಗುವುದಿಲ್ಲ. ಮೂರನೆಯ ವಾರ ಗೆರೆ ಕೂಡಲೊಲ್ಲದು. ಎರಡು ದಿನ ನನ್ನ ಎಣಿಕೆಯನ್ನೇ ಶಂಕಿಸಿದೆ. ತಪ್ಪಿದವಳು ಅವ್ವ, ಅವಳ ಕಣ್ಣು ಮಂಜಾದ ಜಾಗ ಅದು, ಒಂದೆಳೆಯ ವ್ಯತ್ಯಾಸ.

ಶಾಸ್ತ್ರದ ಪ್ರಕಾರ ಅಲ್ಲಿಯವರೆಗೆ ಬಿಚ್ಚಬೇಕು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಕೊಂಬು ದೀರ್ಘಗಳನ್ನೂ ಬಿಡದೆ ತಿದ್ದಿದ ಕೈ ಇದು. ಕತ್ತರಿ ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಮರುದಿನ 10 ಗಂಟೆಗೆ ನನ್ನ ಎಣಿಕೆಯನ್ನೇ ಒಂದೆಳೆ ತಪ್ಪಿಸಿ ಅವಳ ಗೆರೆಗೆ ಕೂಡಿಸಿದೆ. ಗೋಪುರ ಬಲಕ್ಕೆ ಕೊಂಚ ವಾಲಿದೆ, ಹಿಂದೆಯೂ ಮುಂದೆಯೂ ಒಂದೇ ಸಮನಾಗಿ. ಕಳಸವೊಂದು ಬಾಕಿಯಿದೆ. ಕಣ್ಣಿನ ಶಸ್ತ್ರಚಿಕಿತ್ಸೆಗೆ ಬರುವ ತಿಂಗಳ ದಿನ ಗೊತ್ತಾಗಿದೆ; ಅಷ್ಟರೊಳಗೆ ಮುಗಿಸುವ ಹವಣಿಕೆ ನನ್ನದು.