ಹೆತ್ತವರಿಗೂ ಒಂದು ಕೂಟ



ಕಿರುತೆರೆಗೆ ಸಂವಾದ ಕಾರ್ಯಕ್ರಮಗಳನ್ನು ಸಿದ್ಧಪಡಿಸುವ ನಮಗೆ ವೀಕ್ಷಕರ ಪ್ರಶ್ನೆಗಳಲ್ಲಿ ಒಂದು ಬಗೆ ಚೆನ್ನಾಗಿ ಪರಿಚಯ. ವೈದ್ಯರೊಡನೆ ನೇರ ಫೋನ್ ಕಾರ್ಯಕ್ರಮ ನಡೆಯುತ್ತಿರುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವಿನ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಹೆಸರು ಹೇಳಲೊಪ್ಪದ ಒಂದು ದನಿ ಬರುತ್ತದೆ. "ನಮ್ಮ ಪರಿಚಯದವರ ಮಗ ಒಬ್ಬಾವ ಇದ್ದಾನ್ರಿ, ಡಾಕ್ಟರೇ..." ಎಂದು ಮಾತು ಶುರುವಾಗುತ್ತದೆ. ಆ ಹುಡುಗ ಮದುವೆ ಬೇಡವೆನ್ನುತ್ತಾನೆ, ಹುಡುಗಿಯರ ಮೇಲೆ ಮನಸ್ಸಿಲ್ಲವಂತೆ. ಅಥವಾ ಅಕ್ಕನ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತಿದ್ದನಂತೆ. ಇದಕ್ಕೆ ಔಷಧ ಉಂಟೇ? ಪರಿಚಯದವರ ಮಗ ಊಟ ಬಿಟ್ಟು ಎಷ್ಟು ದಿನವಾಯಿತೆಂಬುದು ಇಷ್ಟು ನಿಖರವಾಗಿ ಗೊತ್ತಿರುವುದು ಸಾಮಾನ್ಯವಾಗಿ ಹೆತ್ತವರಿಗೆ ಮಾತ್ರ.

ಇಂಥ ಮಕ್ಕಳ ವಿಚಾರವಾಗಿ ಈಚಿನ ವರ್ಷಗಳಲ್ಲಿ ಸಾಕಷ್ಟು ಮಾತು ನಡೆದಿದೆ. ಅವರ ಮನೆಯವರನ್ನು ಕುರಿತ ಮಾತು ಕಡಿಮೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಮನೆಯವರ ವಿಚಾರ: ಸಲಿಂಗ ಪ್ರೇಮಿಯಾದ ಅಥವಾ ಲಿಂಗತ್ವ ಅಲ್ಪಸಂಖ್ಯಾತನಾದ ಮಗನಿರುವ, ಮಗಳಿರುವ ತಾಯ್ತಂದೆಯರು ಒಂದೆಡೆ ಕುಳಿತು ಮಾತಾಡಿಕೊಳ್ಳುವ ಕೂಟಗಳ ವಿಚಾರ.

ಚಿತ್ತಾಪುರದಂಥ ತಾಲ್ಲೂಕು ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ತೊಗರಿಯ ಸೀಮೆ, ಶಹಾಬಾದಿ ಕಲ್ಲಿನ ಸೀಮೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿರುವ ಹುಡುಗ ಯಾರ ಮಗನೆಂದು ನಾಲ್ಕು ಟೇಬಲಿನವರಿಗೂ ಗೊತ್ತು. ಇಂಥ ಊರಿನಲ್ಲಿ ಮಗ ತನ್ನ ಮನಸ್ಸಿನ ಮಾತನ್ನು ಅವ್ವನ ಮುಂದೆ ಇಟ್ಟನೆನ್ನಿ. ಅವಳ ಬಾಯಿಂದ ಬರುವ ಮೊದಲ ಮಾತು "ನಿನಗೇನಾಗ್ಯದ?" ಎಂದು. ಎರಡನೆಯದು "ಮಂದಿ ಏನಂತಾರ?" ಎಂದು. ಮೊದಲನೆಯದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ. ಎರಡನೆಯದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ಅದಕ್ಕೇ ಈ ಕೂಟಗಳು ಬೇಕಾಗುವುದು.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಗಂಡಿಗೆ ಗಂಡಿನ ಮೇಲೆ, ಹೆಣ್ಣಿಗೆ ಹೆಣ್ಣಿನ ಮೇಲೆ ಮನಸ್ಸಾಗುವುದು ಒಂದು ಸಂಗತಿ. ಗಂಡಿನ ದೇಹದಲ್ಲಿ ಹುಟ್ಟಿದವರಿಗೆ ತಾನು ಹೆಣ್ಣೆಂದು, ಹೆಣ್ಣಿನ ದೇಹದಲ್ಲಿ ಹುಟ್ಟಿದವರಿಗೆ ತಾನು ಗಂಡೆಂದು ಒಳಗಿನಿಂದಲೇ ಅನ್ನಿಸುವುದು ಬೇರೆಯೇ ಸಂಗತಿ. ಎರಡನ್ನೂ ಕಲಸಬಾರದು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೇಮವನ್ನು ರೋಗಗಳ ಪಟ್ಟಿಯಿಂದ 1990ರಲ್ಲಿ ತೆಗೆದುಹಾಕಿತು. ಎರಡನೆಯದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಡಲು 2019ರಲ್ಲಿ ಒಪ್ಪಿಗೆ ದೊರೆಯಿತು. ತಾಯಿ ಮುದ್ದು ಮಾಡಿದ್ದರಿಂದ ಹೀಗಾಯಿತು, ತಂದೆ ದುಬೈಗೆ ದುಡಿಯಲು ಹೋಗಿದ್ದರಿಂದ ಹೀಗಾಯಿತು ಎಂಬ ಮಾತುಗಳಿಗೆ ಆಧಾರವಿಲ್ಲ. "ಸರಿಪಡಿಸುವ" ಚಿಕಿತ್ಸೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಅಂಥ ಚಿಕಿತ್ಸೆ ವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯ ಮಂಡಳಿಗಳಿಗೆ ತಿಳಿಸಿದೆ.

ಇನ್ನು "ಮಂದಿ".

ನಮ್ಮ ಸೀಮೆಗೆ ಇಂಥವರು ಹೊಸಬರಲ್ಲ. ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. ಸಾವಿರ ವರ್ಷದ ಹಿಂದೆ ಅಲ್ಲಿ ದೊಡ್ಡ ಘಟಿಕಾಸ್ಥಾನವಿತ್ತೆಂದು ಶಾಸನ ಹೇಳುತ್ತದೆ. ಇಂದು ಜನ ಅಲ್ಲಿಗೆ ಹೋಗುವುದು ಯಲ್ಲಮ್ಮನ ದರ್ಶನಕ್ಕೆ. ಸವದತ್ತಿಯ ಯಲ್ಲಮ್ಮ, ಹುಲಿಗಿಯ ಹುಲಿಗೆಮ್ಮ, ಇವರ ಭಕ್ತರ ನಡುವೆ ಜೋಗಪ್ಪಗಳ ಪರಂಪರೆ ಬಹಳ ಹಳೆಯದು. ಗಂಡಾಗಿ ಹುಟ್ಟಿ ಹೆಣ್ಣಿನಂತೆ ನಡೆಯುವ ಮಗುವಿನ ಮೈಮೇಲೆ ದೇವಿ ಬಂದಿದ್ದಾಳೆಂದು ಹಿರಿಯರು ಹೇಳುತ್ತಾರೆ, ಮುತ್ತು ಕಟ್ಟಿಸುತ್ತಾರೆ, ಸೀರೆ, ಪಡಲಿಗೆ, ಚೌಡಿಕೆ ಅವರ ಪಾಲಿಗೆ ಬರುತ್ತದೆ. ಇದನ್ನು ಬರೀ ಕ್ರೌರ್ಯವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಂದಿಗೆ ಹೇಳಲು ಮನೆಯವರಿಗೆ ಒಂದು ಮರ್ಯಾದೆಯ ಕಾರಣ ಅದರಿಂದ ಸಿಗುತ್ತಿತ್ತು. ಆದರೆ ಮಗುವಿಗೆ ಸಿಕ್ಕ ಜಾಗ ಹೊಸ್ತಿಲ ಆಚೆ ಇತ್ತು.

ಮಂಜಮ್ಮ ಜೋಗತಿಯವರ ಬದುಕಿನಲ್ಲಿ ಇದನ್ನು ಕಾಣಬಹುದು. ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು. ಮನೆಯವರು ಹೊಡೆದರು, ಕಂಬಕ್ಕೆ ಕಟ್ಟಿದರು; ಕೊನೆಗೆ ಹುಲಿಗಿಗೆ ಕರೆದೊಯ್ದು ದೀಕ್ಷೆ ಕೊಡಿಸಿದರು. ಮಗ ಸತ್ತನೇನೋ ಎಂಬಂತೆ ತಾಯಿ ಅತ್ತರು. ಆಮೇಲೆ ಮನೆ ಇಲ್ಲವಾಯಿತು, ವಿಷ ಕುಡಿದದ್ದೂ ಆಯಿತು, ಭಿಕ್ಷೆಯೂ ಆಯಿತು. ಕಾಳವ್ವ ಜೋಗತಿಯವರಿಂದ ಕಲಿತ ಜೋಗತಿ ನೃತ್ಯ ಅವರ ಕೈ ಹಿಡಿಯಿತು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪದವಿ, 2021ರಲ್ಲಿ ಪದ್ಮಶ್ರೀ. ಈ ಸನ್ಮಾನಗಳನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿ ಚಪ್ಪಾಳೆ ತಟ್ಟಿದೆವು. ನನ್ನ ಗಮನ ಹೋಗುವುದು ಆ ಅತ್ತ ತಾಯಿಯ ಕಡೆಗೆ. "ಅಕ್ಕಾ, ನಮ್ಮ ಮನೆಯಲ್ಲೂ ಹೀಗೇ ಆಗಿದೆ, ಹುಡುಗ ಸತ್ತಿಲ್ಲ, ನೋಡು, ಇಲ್ಲೇ ಇದ್ದಾನೆ" ಎಂದು ಹೇಳುವ ಇನ್ನೊಬ್ಬ ತಾಯಿ ಅಂದು ಪಕ್ಕದಲ್ಲಿ ಇದ್ದಿದ್ದರೆ?

ಮಂದಿಯ ಭಯ ಬರೀ ಕಲ್ಪನೆಯದಲ್ಲ ಎಂಬುದನ್ನೂ ಹೇಳಬೇಕು. ಅದರ ಹಿಂದೆ ಸರಕಾರದ ಲಾಠಿಯೂ ಇತ್ತು. ಕಲಬುರಗಿ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1919ರಲ್ಲಿ, ಆ ಸಂಸ್ಥಾನ ಹಿಜಡಾಗಳ ಮೇಲೆ ಒಂದು ಕಾನೂನು ತಂದಿತು. ಹೆಸರು ದಫ್ತರದಲ್ಲಿ ದಾಖಲಾಗಬೇಕು. ದಾಖಲಾದವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದು. ನಮ್ಮ ರಾಜ್ಯದ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿದ 36-ಎ ಕಲಮಿನಲ್ಲಿ ಇದೇ ಧಾಟಿಯ ಮಾತುಗಳಿದ್ದವು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಅದು ತಿದ್ದುಪಡಿಯಾಯಿತು. ಹಳೆಯ ಕಾನೂನನ್ನು ತೆಲಂಗಾಣ ಹೈಕೋರ್ಟು ರದ್ದು ಮಾಡಿದ್ದು 2023ರಲ್ಲಿ. ನೂರು ವರ್ಷಕ್ಕೂ ಮೀರಿದ ಭಯ ಅದು. ಅವ್ವ ಹೆದರಿದರೆ ಅವಳೊಬ್ಬಳನ್ನೇ ಬೈದು ಪ್ರಯೋಜನವಿಲ್ಲ.

ಹಾಗಾದರೆ ಆ ಭಯ ಹೇಗೆ ಇಳಿಯುತ್ತದೆ? ನ್ಯೂಯಾರ್ಕಿನ ಶಾಲಾ ಶಿಕ್ಷಕಿ ಜೀನ್ ಮ್ಯಾನ್‌ಫರ್ಡ್ ಅವರ ಮಗ ಮಾರ್ಟಿ ಸಲಿಂಗ ಪ್ರೇಮಿ. 1972ರಲ್ಲಿ ಒಂದು ಪ್ರತಿಭಟನೆಯಲ್ಲಿ ಅವನಿಗೆ ಏಟು ಬಿದ್ದಾಗ ತಾಯಿ ಪತ್ರಿಕೆಗೆ ಕಾಗದ ಬರೆದರು. ಜೂನ್ ತಿಂಗಳ ಮೆರವಣಿಗೆಯಲ್ಲಿ, ತಾಯ್ತಂದೆಯರೇ ಮಕ್ಕಳ ಬೆಂಬಲಕ್ಕೆ ಒಂದಾಗಿ ಎಂಬರ್ಥದ ಫಲಕ ಹಿಡಿದು ಮಗನ ಪಕ್ಕದಲ್ಲಿ ನಡೆದರು. ದಾರಿಯುದ್ದಕ್ಕೂ ಹುಡುಗ ಹುಡುಗಿಯರು ಬಳಿ ಬಂದು, ನಮ್ಮ ಅಪ್ಪ ಅಮ್ಮನೊಡನೆ ನೀವೇ ಸ್ವಲ್ಪ ಮಾತಾಡಿ ಎಂದು ಕೇಳಿಕೊಂಡರಂತೆ. ಮರುವರ್ಷ ಮಾರ್ಚಿನಲ್ಲಿ ಒಂದು ಚರ್ಚಿನಲ್ಲಿ ಸುಮಾರು 20 ಜನ ಸೇರಿದರು. ಇಂದು ಅಮೆರಿಕದಾದ್ಯಂತ ಶಾಖೆಗಳಿರುವ ಪಿಫ್ಲ್ಯಾಗ್ ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ.

ಅಮೆರಿಕದ ಮಾತು ನಮಗೇಕೆ ಎನ್ನುವವರಿಗೆ ನಮ್ಮ ದೇಶದ್ದೇ ಹೇಳುತ್ತೇನೆ. ನಿಶಿತ್ ಸರನ್ ಎಂಬ ಯುವಕ ತನ್ನ ಮನದ ಗುಟ್ಟನ್ನು ತಾಯಿಗೆ ಹೇಳುವುದನ್ನೇ 1999ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದ. 2002ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಮುಂದೆ ದಂಡಸಂಹಿತೆಯ 377ನೆಯ ಕಲಮಿನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಾಗ, ನಮ್ಮ ಮಕ್ಕಳನ್ನು ಅಪರಾಧಿಗಳೆನ್ನಬೇಡಿ ಎಂದು 19 ಮಂದಿ ತಾಯ್ತಂದೆಯರು ಅರ್ಜಿ ಹಾಕಿದರು. ಅವರಲ್ಲಿ ಮೊದಲ ಹೆಸರು ಮಿನ್ನಾ ಸರನ್, ಆ ನಿಶಿತ್‌ನ ತಾಯಿ. ಉಳಿಸಿಕೊಳ್ಳಬೇಕಾದ ಮಗ ಅವರಿಗೆ ಆಗ ಇರಲಿಲ್ಲ. ಬೇರೆಯವರ ಮಕ್ಕಳಿದ್ದರು. 2013ರಲ್ಲಿ ತೀರ್ಪು ಅವರ ವಿರುದ್ಧ ಬಂತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಇತಿಹಾಸ ಈ ಜನರಿಗೆ ಮಾತ್ರವಲ್ಲ, ಇವರ ಕುಟುಂಬಗಳಿಗೂ ಕ್ಷಮೆ ಕೇಳಬೇಕಾಗಿದೆ ಎಂಬರ್ಥದ ಮಾತನ್ನು ಅಂದು ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ ಬರೆದರು. ಕುಟುಂಬಗಳ ಹೆಸರು ಅಲ್ಲಿ ಬಂದದ್ದನ್ನು ಗಮನಿಸಿ.

2017ರಲ್ಲಿ ಮುಂಬಯಿಯಲ್ಲಿ ಇಂಥ ತಾಯ್ತಂದೆಯರೇ ಸೇರಿ "ಸ್ವೀಕಾರ್" ಎಂಬ ಕೂಟ ಕಟ್ಟಿಕೊಂಡರು. ಸಲಿಂಗ ವಿವಾಹದ ಮೊಕದ್ದಮೆ ನಡೆದಾಗ, 2023ರಲ್ಲಿ, ಈ ಕೂಟದ 400ಕ್ಕೂ ಹೆಚ್ಚು ಹೆತ್ತವರು ಮುಖ್ಯ ನ್ಯಾಯಮೂರ್ತಿಯವರಿಗೆ ಪತ್ರ ಬರೆದರು. ಆ ವರ್ಷದ ಅಕ್ಟೋಬರಿನಲ್ಲಿ ನ್ಯಾಯಾಲಯ ವಿವಾಹದ ಹಕ್ಕನ್ನು ಮಾನ್ಯ ಮಾಡಲಿಲ್ಲ, ಅದು ಬೇರೆ ಮಾತು. ಹೀಗೆ ಪತ್ರ ಬರೆಯಲು ಇಷ್ಟು ಹೆತ್ತವರಿಗೆ ಧೈರ್ಯ ಬಂದದ್ದು ನನ್ನ ಲೆಕ್ಕದಲ್ಲಿ ಸಣ್ಣ ಸಂಗತಿಯಲ್ಲ. ಬೆಂಗಳೂರಿನಲ್ಲಿ 1994ರಿಂದ "ಗುಡ್ ಆ್ಯಸ್ ಯು", 1999ರಿಂದ "ಸಂಗಮ" ಇಂಥ ಯುವಜನರ ನಡುವೆ ಕೆಲಸ ಶುರುಮಾಡಿದವು. ಆದರೆ ಚಿತ್ತಾಪುರದ ತಾಯಿಗೆ ಬೆಂಗಳೂರು ದೂರ.

ಕೂಟದಲ್ಲಿ ಏನು ನಡೆಯುತ್ತದೆ? ಬಹಳ ಜನ ಭಾಷಣ ನಡೆಯುತ್ತದೆಂದು ತಿಳಿದಿದ್ದಾರೆ. ಇಲ್ಲ. ಸುತ್ತ ಕೂರುತ್ತಾರೆ. ಮೊದಲ ದಿನ ಬಂದವರು ಸಾಮಾನ್ಯವಾಗಿ ಮಾತಾಡುವುದಿಲ್ಲ, ಅಳುತ್ತಾರೆ. ಮೂರು ವರ್ಷದ ಹಿಂದೆ ಹಾಗೆಯೇ ಅತ್ತವರು ಪಕ್ಕದಲ್ಲಿ ಕುಳಿತಿರುತ್ತಾರೆ. ವೈದ್ಯರು ಹೇಳಿದರೆ "ಅವರಿಗೇನು, ಅವರ ಮನೆಯಲ್ಲಿ ಆಗಿಲ್ಲವಲ್ಲ" ಎನ್ನಿಸುತ್ತದೆ. ಇವರಿಗೆ ಹಾಗೆನ್ನಲು ಬರುವುದಿಲ್ಲ. ಸೋದರಮಾವನಿಗೆ ಹೇಗೆ ಹೇಳಿದಿರಿ, ಹೆಣ್ಣು ನೋಡಲು ಬಂದವರಿಗೆ ಏನು ಉತ್ತರ ಕೊಟ್ಟಿರಿ, ತಂಗಿಯ ಮದುವೆಗೆ ಅಡ್ಡಿಯಾಯಿತೇ, ಮುಪ್ಪಿನಲ್ಲಿ ಅವನನ್ನು ಯಾರು ನೋಡುತ್ತಾರೆ? ಪ್ರಶ್ನೆಗಳೆಲ್ಲ ಇಂಥವೇ. ಮಂದಿ ಏನಂತಾರೆ ಎಂದು ಹೆದರಿದ ತಾಯಿಗೆ ಅಲ್ಲಿ ಬೇರೆ ಮಂದಿ ಸಿಗುತ್ತಾರೆ. ಕೂಟದ ಕೆಲಸವೆಲ್ಲ ಅಷ್ಟೇ.

ಅವಸರವಂತೂ ಬೇಡ. 2021ರಲ್ಲಿ ಮಧುರೆಯ ಇಬ್ಬರು ಯುವತಿಯರು ಒಟ್ಟಿಗೆ ಬಾಳಲು ಮನೆ ಬಿಟ್ಟು ಚೆನ್ನೈಗೆ ಬಂದ ಪ್ರಕರಣ ಮದ್ರಾಸ್ ಹೈಕೋರ್ಟಿನ ಮುಂದಿತ್ತು. ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಯುವತಿಯರನ್ನೂ ಹೆತ್ತವರನ್ನೂ ಆಪ್ತಸಮಾಲೋಚಕರ ಬಳಿ ಕಳಿಸಿದ್ದಲ್ಲದೆ, ಈ ವಿಷಯ ತಮಗೇ ಸರಿಯಾಗಿ ಗೊತ್ತಿಲ್ಲವೆಂದು ಮನಶ್ಶಾಸ್ತ್ರಜ್ಞರ ಮುಂದೆ ತಾವೂ ಕುಳಿತು ತಿಳಿದುಕೊಂಡರು. ನ್ಯಾಯಾಧೀಶರೊಬ್ಬರು ಪಾಠ ಹೇಳಿಸಿಕೊಂಡದ್ದು ನಮ್ಮ ಕಡೆ ಅಪರೂಪ! ಆದರೂ ಹೆತ್ತವರ ಮನಸ್ಸು ಅಷ್ಟು ಬೇಗ ತಿರುಗಲಿಲ್ಲ. ಮಗಳ ಸುಖಕ್ಕಿಂತ ಸಮಾಜದ ಕಳಂಕವೇ ಅವರಿಗೆ ದೊಡ್ಡದಾಗಿ ಕಂಡಿತ್ತು. ಹೈಕೋರ್ಟಿನಿಂದ ತಿಂಗಳಲ್ಲಿ ಆಗದ್ದು ಒಂದು ಭೇಟಿಯಲ್ಲಿ ಆಗಬೇಕೆಂದು ಯಾರೂ ನಿರೀಕ್ಷಿಸಬಾರದು.

ಆದರೆ ತಡಮಾಡುವುದರಲ್ಲೂ ಅಪಾಯವಿದೆ. ಚಿತ್ತಾಪುರದಿಂದ ವಾಡಿ ಜಂಕ್ಷನ್ ಎಷ್ಟು ಹೊತ್ತಿನ ದಾರಿ! ಮುಂಬಯಿಗೆ, ಸಿಕಂದರಾಬಾದಿಗೆ, ಬೆಂಗಳೂರಿಗೆ ಅಲ್ಲಿಂದ ಗಾಡಿಗಳಿವೆ. ಮನೆಯಲ್ಲಿ ಏಟು ತಿಂದ ಹುಡುಗ ಆ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತರೆ ಮುಂದಿನ ಕಥೆ ನಿಮಗೆ ಗೊತ್ತೇ ಇದೆ. ಗಾಡಿ ಹತ್ತದವರ ಕಥೆ ಇನ್ನೂ ಕೆಟ್ಟದ್ದು. ಅಮೆರಿಕದಲ್ಲಿ ಕ್ಯಾಟ್ಲಿನ್ ರಯಾನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯವರು ತೀವ್ರವಾಗಿ ತಿರಸ್ಕರಿಸಿದ ಯುವಜನರಲ್ಲಿ ಆತ್ಮಹತ್ಯೆಗೆ ಯತ್ನಿಸಿದವರ ಪ್ರಮಾಣ, ತಿರಸ್ಕಾರ ಕಾಣದ ಅಥವಾ ಕಡಿಮೆ ಕಂಡವರಿಗಿಂತ ಎಂಟು ಪಟ್ಟು ಮಿಗಿಲಾಗಿತ್ತು. 224 ಜನರ ಅಧ್ಯಯನ ಅದು. ಅದೇ ಅಂಕಿ ನಮ್ಮಲ್ಲೂ ನಿಜವೆಂದು ಹೇಳಲಾರೆ. ದಿಕ್ಕು ಯಾವುದೆಂಬುದು ಮಾತ್ರ ಸ್ಪಷ್ಟ.

ತಾಲ್ಲೂಕು ಊರಿನಲ್ಲಿ ಇಂಥ ಕೂಟ ಸಾಧ್ಯವೇ ಎಂದು ತಾವು ಕೇಳಬಹುದು. ತೊಡಕು ಒಂದೇ: ಗುಟ್ಟು ಉಳಿಯುವುದಿಲ್ಲ. ಯಾರ ಮನೆಗೆ ಯಾರು ಹೋದರೆಂಬುದು ಸಂಜೆಯೊಳಗೆ ಬಜಾರಿಗೆ ಗೊತ್ತು. ಆದ್ದರಿಂದ ಸ್ವಂತ ಊರಿನಲ್ಲಿ ಸೇರುವುದು ಬೇಡ. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ, ಚಿಂಚೋಳಿ ಇಷ್ಟೂ ಊರುಗಳಿಗೆ ಕಲಬುರಗಿ ನಡುವಿನ ಜಾಗ. ಸಂತೆಗೆ, ಆಸ್ಪತ್ರೆಗೆ, ಕೋರ್ಟು ಕಚೇರಿಗೆ ಹೇಗೂ ಹೋಗುತ್ತೇವೆ. ಏಕೆ ಹೋದಿರೆಂದು ಯಾರೂ ಕೇಳುವುದಿಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ವಾರಕ್ಕೊಮ್ಮೆ ಕೂತು ಸಾಲದ ಲೆಕ್ಕ ಬರೆದ ಹೆಣ್ಣುಮಕ್ಕಳಿಗೆ ಕೂಟ ನಡೆಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಇಲ್ಲಿ ಮಾತ್ರ ಹಾಜರಿ ಪುಸ್ತಕ ಬೇಡ, ಫೋಟೋ ಬೇಡ, ಮನೆಹೆಸರು ಬೇಡ. ಮೂರು ಮನೆಯವರಿದ್ದರೆ ಸಾಕು.

ಮೂರನೆಯ ಮನೆ ಸಿಗುವವರೆಗೆ ಫೋನ್ ಇದೆ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗ, ಮಗಳು ಮಾತ್ರವಲ್ಲ, ಅಪ್ಪ ಅವ್ವನೂ ಕರೆ ಮಾಡಬಹುದು.

ಒಂದು ಮಾತು ಉಳಿಯಿತು. ಮನೆಯಲ್ಲಿ ಮೊದಲು ಗೊತ್ತಾಗುವುದು ಬಹುಮಟ್ಟಿಗೆ ಅಪ್ಪನಿಗಲ್ಲ, ಅವ್ವನಿಗೂ ಅಲ್ಲ. ಅಕ್ಕನಿಗೆ, ಇಲ್ಲವೇ ಚಿಕ್ಕಮ್ಮನಿಗೆ. ಅಪ್ಪನ ಮುಂದೆ ಹೇಗೆ ಹೇಳುವುದೆಂದು ರಾತ್ರಿಯೆಲ್ಲ ನಿದ್ದೆಗೆಟ್ಟವರು ಅವರೇ. ಕೂಟಕ್ಕೆ ಬರಲು ಅಪ್ಪ ಒಪ್ಪಲಿಲ್ಲವೆಂದು ಕಾಯುತ್ತ ಕೂರಬೇಡಿ. ಮೊದಲ ಸಲ ಅಕ್ಕನೇ ಬರಲಿ.